ಧಣಿಯ ಮನೆಯ ಉರ್ದು ಕಾಗದ

ಕಳೆದ ಆಗಸ್ಟಿನ ಒಂದು ಮುಂಜಾನೆ ಕಮಲಾಪುರದ ಧಣಿ ಗಾಜು ಹಾಕಿದ ಚೌಕಟ್ಟೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಗಾಜಿನ ಮೇಲೆ ವಿಭೂತಿಯ ಗೆರೆಗಳಿದ್ದವು. ಕಟ್ಟಿನ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು. ಒಳಗೆ ಹಳದಿಗೆ ತಿರುಗಿದ ಒಂದು ಉರ್ದು ಕಾಗದ.

“ನಮ್ಮ ಮುತ್ತ್ಯಾಗ ಸರ್ಕಾರ ಕೊಟ್ಟ ಕಾಗದರೀ ಇದು. ಹೋರಾಟದ ಟೈಮಿನ್ಯಾಗ ನಮ್ಮ ಮುತ್ತ್ಯಾ ಭಾಳ ಕೆಲಸ ಮಾಡ್ಯಾರ. ಈಗ ಮನ್ಯಾಗ ಯಾರಿಗೂ ಉರ್ದು ಬರಂಗಿಲ್ಲ. ಕನ್ನಡದಾಗ ಬರದು ಸಿಕ್ಕಾ ಹಾಕಿ ಕೊಡ್ರಿ, ಕಮಿಟಿ ಮುಂದ ಇಡಬೇಕು,” ಎಂದರು.

ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನನಗೆ ಅವರು ಯಾರೆಂದು ಚೆನ್ನಾಗಿ ಗೊತ್ತಿತ್ತು. ಇಲ್ಲಿ ‘ಬಂದರು’, ‘ಎಂದರು’ ಎಂದು ಬಹುವಚನ ಹಚ್ಚಿ ಬರೆಯುತ್ತಿರುವುದು ಕೈಗೆ ಬಿದ್ದ ರೂಢಿ ಅಷ್ಟೇ. ಮನಸ್ಸಿನಲ್ಲಿ ಆ ಹೊತ್ತು ನಾನು ಬಳಸಿದ ಪದಗಳನ್ನು ಅಚ್ಚು ಹಾಕಲು ಬರುವುದಿಲ್ಲ.

ಜಿಲ್ಲಾ ಶಹರದ ಜಗತ್ ಸರ್ಕಲ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ ನನ್ನ ಮೇಜಿದೆ. ನಿಜಾಮನ ಕಾಲದ ಉರ್ದು ದಾಖಲೆಗಳನ್ನು ಕನ್ನಡಕ್ಕೆ ತಂದು, ಸಹಿ ಮಾಡಿ, ಸಿಕ್ಕಾ ಎಂಬ ಮೊಹರು ಒತ್ತಿ ಕೊಡುವುದು ನನ್ನ ಕಸುಬು. ಹೆಚ್ಚಾಗಿ ಹೊಲದ ಕಾಗದ, ಆಸ್ತಿ ಪಾಲಾದ ವಾಟ್ನಿ ಕಾಗದ. ಅಚ್ಚಿನ ಉರ್ದು ಓದುವವರು ಊರ ತುಂಬ ಇದ್ದಾರೆ. ಆಗಿನ ಗುಮಾಸ್ತರು ಓಡೋಡಿ ಗೀಚಿದ ಕೈಬರಹ ಓದುವವರು ಮಾತ್ರ ಕಡಿಮೆ. ಆದ್ದರಿಂದ ಧಣಿ ನನ್ನ ಬಳಿಗೇ ಬಂದದ್ದರಲ್ಲಿ ದೈವದ ಆಟವೇನೂ ಇಲ್ಲ. ಇಂಥ ಕಾಗದ ಹಿಡಿದುಕೊಂಡು ಅಲೆಯುವವರು ಕೊನೆಗೆ ನನ್ನ ಮೇಜಿಗೇ ಬಂದು ಮುಟ್ಟುತ್ತಾರೆ.

ಅದಕ್ಕೆ ಹತ್ತು ದಿನ ಹಿಂದೆ ನಮ್ಮವ್ವ ಕಮಲಾಪುರಕ್ಕೆ ಹೋಗಿದ್ದಳು. ಸೆಪ್ಟೆಂಬರಿನಲ್ಲಿ, ನಿಜಾಮನ ಆಳಿಕೆ ಹೋದ ನೆನಪಿನ ಧ್ವಜಾರೋಹಣದ ದಿನ ಅಲ್ಲಿ ಒಂದು ಕಲ್ಲು ನಿಲ್ಲಿಸುವುದಿತ್ತು. ರಜಾಕಾರರ ಕಾಲದಲ್ಲಿ ನಿಜಾಮನ ವಿರುದ್ಧ ಬಂದೂಕು ಹಿಡಿದವರ ಹೆಸರಷ್ಟೇ ಅಲ್ಲ, ಅವರಿಗೆ ಅನ್ನ ಹಾಕಿದವರ, ಮನೆಯಲ್ಲಿ ಅಡಗಿಸಿಟ್ಟವರ, ಸುದ್ದಿ ಮುಟ್ಟಿಸಿದವರ ಹೆಸರನ್ನೂ ಅದರ ಮೇಲೆ ಕೆತ್ತಿಸಬೇಕೆಂದು ಊರವರು ಸಮಿತಿ ಮಾಡಿದ್ದರು. ಅಧ್ಯಕ್ಷರು ಧಣಿ. ಅವ್ವ ತನ್ನ ತಾಯಿಯ ಹೆಸರನ್ನು ನನ್ನ ಕೈಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಹೋಗಿ ಸಭೆಯಲ್ಲಿ ಕೊಟ್ಟಳು. ಚೀಟಿಯನ್ನು ಬಿಚ್ಚದೆಯೇ ಧಣಿ ಹೇಳಿದ್ದು ಇಷ್ಟು:

“ನಿಮ್ಮವ್ವ ನಮ್ಮ ತ್ವಾಟದಾಗ ಬಾಳಿಗೊನಿ ಕದ್ದು ಸಿಕ್ಕಾಕಿ. ಕಳ್ಳಿ ಹೆಸರ ಕಲ್ಲಿನ ಮ್ಯಾಲ ಹಾಕಿದ್ರ ಊರು ನಗ್ತದ.”

ಊರು ಕಲ್ಲಿನ ತನಕ ಕಾಯಲಿಲ್ಲ, ಅಲ್ಲೇ ನಕ್ಕಿತು. ಎಪ್ಪತ್ತೆಂಟು ವರ್ಷದ ಹೆಂಗಸು ಬಾಗಿಲ ಹತ್ತಿರ ನಿಂತೇ ಅದನ್ನು ಕೇಳಿಸಿಕೊಂಡು, ಬಸ್ಸು ಹತ್ತಿ, ಶರಣಸಿರಸಗಿಯ ನಮ್ಮ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎರಡು ಹೊತ್ತು ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ಎದ್ದು ಕುಳಿತು, “ಮಂದಿ ಕಾಗದ ಎಲ್ಲಾ ಓದ್ತಿ. ನಮ್ಮವ್ವಂದೂ ಎಲ್ಲ್ಯಾರ ಒಂದು ಕಾಗದ ಇರಬೇಕಲ್ಲ. ಹುಡುಕು,” ಎಂದಳು.

ಅವ್ವ ಆಗ ಮೊಲೆಗೂಸು. ಅವಳಿಗೆ ಗೊತ್ತಿದ್ದದ್ದೆಲ್ಲ ಮುಂದೆ ಕೇಳಿ ತಿಳಿದದ್ದು. ನನ್ನ ಅಜ್ಜಿ ಪೊಲೀಸ್ ಪಟೇಲನ, ಅಂದರೆ ಈ ಧಣಿ ‘ಮುತ್ತ್ಯಾ’ ಎನ್ನುವ ಅಜ್ಜನ, ಕೆಂಪು ಬಾಳೆಯ ತೋಟದಲ್ಲಿ ಕೂಲಿ. ತೋಟದಾಚೆಯ ಹಳ್ಳದಲ್ಲಿ ಹೋರಾಟದ ಹುಡುಗರು ಅಡಗಿದ್ದರು. ಅಜ್ಜಿ ನಸುಕಿನಲ್ಲೇ ರೊಟ್ಟಿ ಬಡಿದು, ಬಾಳೆಲೆಯಲ್ಲಿ ಸುತ್ತಿ, ಹುಲ್ಲಿನ ಹೊರೆಯೊಳಗಿಟ್ಟು ಒಯ್ಯುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು. ಅವಳ ಬೆನ್ನ ಮೇಲೆ ಸಾಯುವತನಕ ಬರೆಗಳಿದ್ದವು. ಅಜ್ಜನನ್ನು ಹಿಡಿದೊಯ್ದರು. ಅವನು ಮುರಿದ ಕಾಲು ಎಳೆಯುತ್ತ ವಾಪಸು ಬಂದು, ಎರಡು ವರ್ಷ ಬದುಕಿದ. ಊರಲ್ಲಿ ಉಳಿದ ಕಥೆ ಬೇರೆ. ಧಣಿಯ ಮನೆಯವರೇ ಹುಡುಗರಿಗೆ ಅನ್ನ ಹಾಕಿದರಂತೆ, ನಮ್ಮಜ್ಜಿ ಬಾಳೆಗೊನೆ ಕದ್ದಳಂತೆ. ಅವ್ವನನ್ನು ಸಾಲೆಯಲ್ಲಿ ಕೂಡ ‘ಕಳ್ಳಿ ಮಗಳು’ ಎಂದೇ ಕರೆದರು. ಮೂರನೇ ಇಯತ್ತೆಗೆ ಅವಳು ಸಾಲೆ ಬಿಟ್ಟಳು. ನಾನು ಹಟ ಹಿಡಿದು ಹಳೇ ಉರ್ದು ಕಲಿತದ್ದರ ಹಿಂದೆ ಈ ಒಂದು ಪದದ ಮೇಲಿನ ಸಿಟ್ಟಿದೆ.

ಈಗ ಆ ಧಣಿಯೇ ನನ್ನೆದುರು ಕುಳಿತು ಚಹಾ ಕುಡಿಯುತ್ತಿದ್ದರು.

ಚೌಕಟ್ಟನ್ನು ಕಿಟಕಿಯ ಕಡೆ ವಾಲಿಸಿ ಹಿಡಿದೆ. ತಲೆಯ ಮೇಲಿನ ಮುದ್ರೆ ಹಳೇ ಸರ್ಕಾರದ್ದು, ನಿಜಾಮನದು. ನಿಜಾಮನ ಆಳಿಕೆ ಹೋದ ಮೇಲೂ ಒಂದಿಷ್ಟು ವರ್ಷ ನಮ್ಮ ಕಡೆ ಕಚೇರಿಯ ಕಾಗದ ಉರ್ದುವಿನಲ್ಲೇ ನಡೆದವು. ಹಾಗಾಗಿ ಇವರು ಇದನ್ನು ಹೊಸ ಸರ್ಕಾರದ ಸನ್ಮಾನಪತ್ರ ಎಂದುಕೊಂಡಿದ್ದರು. ಮುದ್ರೆ ಬಲ್ಲವರು ಯಾರಾದರೂ ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದರು. ಆದರೆ ಕೇಳಿದ್ದರೆ ತಾನೆ. ಮೂರು ತಲೆಮಾರು ಹೂವು ಏರಿಸಿತೇ ಹೊರತು ಯಾರೂ ಓದಿಸಲಿಲ್ಲ.

ನಾಲ್ಕನೆಯ ಸಾಲನ್ನು ಎರಡು ಸಲ ಓದಿದೆ. ಬಂಡುಕೋರರಿಗೆ ಆಹಾರ ಒಯ್ಯುತ್ತಿದ್ದ ಹೆಂಗಸೊಬ್ಬಳನ್ನು ಹಿಡಿಸಿಕೊಟ್ಟು, ಆಕೆಯ ಗಂಡನ ಗುರುತು ತಿಳಿಸಿದ್ದಕ್ಕಾಗಿ ಕಮಲಾಪುರದ ಪೊಲೀಸ್ ಪಟೇಲರ ನಿಷ್ಠೆಯನ್ನು ಸರ್ಕಾರ ಮೆಚ್ಚಿದೆ. ಅಷ್ಟೇ. ಹೆಂಗಸಿನ ಹೆಸರಿಲ್ಲ. ಕೆಳಗೆ ಒಂದು ಕಡತದ ಉಲ್ಲೇಖವಿತ್ತು, ಅದರ ಮೇಲೆ ಕುಂಕುಮ. ಕಟ್ಟು ಹಾಕಿಸುವ ಮೊದಲು ಹಬ್ಬಕ್ಕೊಮ್ಮೆ ಕಾಗದಕ್ಕೇ ಕುಂಕುಮ ಹಚ್ಚಿ, ಆ ಕಡತದ ಊರು, ನಂಬರು ಎರಡನ್ನೂ ನುಂಗಿಸಿಬಿಟ್ಟಿದ್ದರು.

“ಛಲೋ ಬರದಾರೇನ್ರಿ?” ಧಣಿ ಕೇಳಿದರು.

“ಅಕ್ಷರ ತೊಡಕ ಅವರೀ. ಇದರಾಗ ಒಂದು ಫೈಲಿನ ಮಾತು ಬಂದದ. ಆ ಫೈಲ್ ಸಿಕ್ಕರ ಕಾಗದಕ್ಕ ಇನ್ನೂ ತೂಕ ಬರ್ತದ. ಹುಡುಕಲೇನು?”

“ಹುಡುಕ್ರಿ ಹುಡುಕ್ರಿ. ಸಿಕ್ಕರ ಅದನೂ ಕೂಡೇ ಹಚ್ಚಿಬಿಡ್ರಿ.” ಅರ್ಜಿಯ ಮೇಲೆ ತಾವೇ ಸಹಿ ಮಾಡಿ ಕೊಟ್ಟರು.

ನಾನು ಸುಳ್ಳು ಹೇಳಲಿಲ್ಲ. ಪೂರ್ತಿ ಹೇಳಲೂ ಇಲ್ಲ. ನಮ್ಮ ಪೈಕಿಯ ಸಂಗತಿ ಇದು, ಕೆಲಸ ಬೇರೆಯವರಿಗೆ ಒಯ್ಯಿರಿ ಎನ್ನಬೇಕಿತ್ತು, ಅದು ಕಸುಬಿನ ಧರ್ಮ. ಅನ್ನಲಿಲ್ಲ. ಆ ದಿನ ನನಗೆ ಧರ್ಮ ಬೇಕಿರಲಿಲ್ಲ, ಸೇಡು ಬೇಕಿತ್ತು.

ಮರುದಿನದಿಂದ ಸರ್ಕಾರಿ ಕಚೇರಿಯ ಹಳೇ ದಾಖಲೆಗಳ ಕೋಣೆ ಹಿಡಿದೆ. ಅಲ್ಲಿ ಕಾಗದಗಳನ್ನು ಊರುವಾರು ಕೆಂಪು ಬಟ್ಟೆಯ ಗಂಟು ಕಟ್ಟಿ ಇಡುತ್ತಾರೆ. ಗಂಟಿಗೆ ಬಸ್ತಾ ಎನ್ನುತ್ತಾರೆ. ಬಸ್ತಾ ಬಿಚ್ಚಿ, ಹಾಳೆ ಸರಿಸಿ, ಮೇಲಿನ ಮೂರು ಸಾಲು ಓದಿ, ಮುಂದಿನದಕ್ಕೆ ಹೋಗಬೇಕು. ಆ ಬರಹದಲ್ಲಿ ಹೆಂಗಸರ ಹೆಸರು ಒಂಟಿಯಾಗಿ ಬರುವುದಿಲ್ಲ. ಹೆಸರಿನ ಮುಂದೆ ‘ಜೌಜೆ’ ಎಂದು ಗಂಡನ ಹೆಸರು ಬರೆಯುತ್ತಾರೆ, ಇಂಥವನ ಹೆಂಡತಿ ಎಂದು. ನಾನು ಹುಡುಕಿದ್ದು ಆ ಪದವನ್ನು, ಅದರ ಮುಂದೆ ನಮ್ಮಜ್ಜನ ಹೆಸರನ್ನು. ಕುಂಕುಮದ ಕೆಳಗಿನ ಊರು ಕಮಲಾಪುರವೇ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಕಮಲಾಪುರದ ಏಳು ಬಸ್ತಾಗಳು ಹನ್ನೊಂದು ದಿನ ತಿಂದವು. ನೆಲದ ತಕರಾರು, ದನದ ತಕರಾರು, ಬಾವಿಯ ತಕರಾರು, ಎಲ್ಲ ಇತ್ತು. ಅಜ್ಜಿ ಇರಲಿಲ್ಲ.

ಚೌಕಟ್ಟಿನ ಕಾಗದದ ಫೋಟೊ ತೆಗೆದು ಮೊಬೈಲಿನಲ್ಲಿ ಬಣ್ಣ ತಿರುಗಾಮುರುಗಾ ಮಾಡಿ ನೋಡಿದೆ. ಕುಂಕುಮ ಕಪ್ಪಾಯಿತು, ಹಸಿರಾಯಿತು, ಅಕ್ಷರ ಬಿಟ್ಟುಕೊಡಲಿಲ್ಲ. ಊರಿನ ಹೆಸರು ‘ಮ’ಕಾರದಿಂದ ಶುರುವಾದಂತೆ ಒಮ್ಮೆ ಕಂಡಿತು. ಕಮಲಾಪುರದ ನಡುವಿನ ಅಕ್ಷರವಿರಬೇಕೆಂದು ಬಿಟ್ಟೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ತಲೆಯಲ್ಲಿದ್ದದ್ದನ್ನು ಓದುವುದು ಈ ಕಸುಬಿನ ದೊಡ್ಡ ತಪ್ಪು. ಇಪ್ಪತ್ತು ವರ್ಷ ಮಾಡಿದ ಮೇಲೂ ನಾನು ಅದನ್ನೇ ಮಾಡಿದೆ.

ಕೋಣೆಯ ದಫ್ತರು ನೋಡಿಕೊಳ್ಳುವವರು ಮೆದು ಮಾತಿನ ಹಿರಿಯರು. ಹನ್ನೆರಡನೆಯ ದಿನ ಕನ್ನಡಕ ಒರೆಸಿಕೊಳ್ಳುತ್ತ, “ಬಾಯಿ, ನೀವು ದಿನಾ ಧೂಳು ತಿನ್ನೂದು ನೋಡಂಗಾಗವಲ್ದು. ಕಮಲಾಪುರ ಖತಂ ಆಯ್ತು. ಇಲ್ಲಂದ್ರ ಇಲ್ಲ,” ಎಂದರು.

“ಅದರೀ ಸಾಹೇಬ್ರ. ಮೆಚ್ಚಿಗಿ ಕಾಗದ ಅದ ಅಂದಮ್ಯಾಲ ಫೈಲ್ ಇರಲೇಬೇಕು.”

“ಹಂಗಾರ ಬ್ಯಾರೆ ಬಸ್ತಾದಾಗ ಇರಬೇಕು. ಇಲ್ಲಿ ಗುಮಾಸ್ತ ಅಪರಾಧಿ ಬಾಯಿಂದ ಯಾವ ಊರು ಬಂತೋ ಆ ಊರಿನ ಗಂಟಿಗೇ ಕಟ್ತಿದ್ದ. ನಿಮ್ಮಾಕಿ ಯಾವ ಊರು ಹೇಳ್ಯಾಳೋ ಏನೋ, ಖುದಾಗ ಗೊತ್ತು.”

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಸಮಿತಿಯ ಕೊನೆಯ ಸಭೆಗೆ ಎಂಟು ದಿನ ಉಳಿದಿದ್ದವು. ಅಂದು ಸುಮ್ಮನೆ ಮನೆಗೆ ಹೋಗಿ ಧೂಳು ತಿಂದ ಸಿಟ್ಟನ್ನೆಲ್ಲ ತಿಕ್ಕುವ ಭಾಂಡೆಗಳ ಮೇಲೆ ತೀರಿಸಿಕೊಂಡೆ.

ಮರುದಿನ ಅವ್ವನ ಮೊಣಕಾಲು ತೋರಿಸಲು ದವಾಖಾನೆಗೆ ಹೋಗಬೇಕಾಯಿತು. ಚೀಟಿ ಮಾಡಿಸುವ ಕಿಟಕಿಯಲ್ಲಿ ಕುಳಿತ ಹುಡುಗಿ ಕಂಪ್ಯೂಟರ್ ನೋಡುತ್ತ, “ಗಂಡನ ಹೆಸರೇನ್ರಿ ಅಮ್ಮ?” ಎಂದಳು. ಅವ್ವ ಬಾಯಿ ಬಿಡಲಿಲ್ಲ, ನನ್ನ ಕಡೆ ತಿರುಗಿದಳು. ಅಪ್ಪ ತೀರಿಕೊಂಡು ಹದಿನಾರು ವರ್ಷ. ಇಂದಿಗೂ ಅವ್ವ ಆ ಹೆಸರು ಬಾಯಿಂದ ಆಡುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಹೋದವನ ಆಯುಷ್ಯ ಇನ್ನೆಷ್ಟು ಕಡಿಮೆಯಾದೀತು ಎಂದು ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದುಂಟು. ಎಂದಿನಂತೆ ನಾನೇ ಹೆಸರು ಹೇಳಿ ಚೀಟಿ ಮಾಡಿಸಿದೆ. ಆಟೋದಲ್ಲಿ ಬರುವಾಗ ಸುಮ್ಮನೆ ಕೇಳಿದೆ.

“ಯವ್ವಾ, ನಾ ಇರಲಿಲ್ಲಂದ್ರ ಏನ್ ಹೇಳ್ತಿದ್ದಿ?”

“ನಮ್ಮಪ್ಪನ ಹೆಸರ ಹೇಳ್ತಿದ್ದೆ. ತವರೂರು ಹೇಳ್ತಿದ್ದೆ. ಅದಕ್ಕೇನು ತಪ್ಪದ?”

ಆಟೋ ಹಾಗೇ ತಿರುಗಿಸಿ ದಾಖಲೆ ಕೋಣೆಗೆ ಹೋಗಬೇಕೆನ್ನಿಸಿತು. ಅಜ್ಜಿಯ ತವರು ಮಹಾಗಾಂವ. ಕುಂಕುಮದ ಕೆಳಗಿನ ಆ ‘ಮ’ ಕಮಲಾಪುರದ ನಡುವಿನದಲ್ಲ, ಮಹಾಗಾಂವದ ಮೊದಲಿನದು. ಅಜ್ಜಿ ಪೊಲೀಸರ ಮುಂದೆ ಗಂಡನ ಹೆಸರು ಹೇಳಿಲ್ಲ, ಗಂಡನ ಊರನ್ನೂ ಹೇಳಿಲ್ಲ. ನಾನೋ ಹನ್ನೊಂದು ದಿನ ಅವಳನ್ನು ಗಂಡನ ಹೆಸರು ಹಿಡಿದು ಕೂಗುತ್ತ ತಿರುಗಿದ್ದೆ. ಮನೆಯಲ್ಲೇ ಎಪ್ಪತ್ತೆಂಟು ವರ್ಷದ ಸಾಕ್ಷಿಯನ್ನು ಇಟ್ಟುಕೊಂಡವಳಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ನನಗೆ ರೇಗಿತು.

ಮಹಾಗಾಂವದ ಎರಡನೆಯ ಬಸ್ತಾದಲ್ಲಿ ಅವಳು ಸಿಕ್ಕಳು. ಎರಡು ಹಾಳೆ, ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿರಿಯರು ಅವನ್ನು ನನ್ನ ಕೈಗೆ ಕೊಡಲಿಲ್ಲ. ಎರಡು ದಿನ ಫ್ಯಾನಿನ ಗಾಳಿಗೆ ಆರಿಸಿ, ತೆಳ್ಳನೆಯ ಬಿದಿರ ಕಡ್ಡಿ ಹಾಕಿ, ಉಸಿರು ಬಿಗಿಹಿಡಿದು ತಾವೇ ಬಿಡಿಸಿದರು.

ಮೊದಲನೆಯ ಹಾಳೆ ಪಂಚನಾಮೆ. ಬಾಳೆಲೆಯಲ್ಲಿ ಸುತ್ತಿದ ಜೋಳದ ರೊಟ್ಟಿ ನಲವತ್ತು, ಸೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಂದು ಗಂಟು. ಹೆಸರು ಹೇಳಿದ್ದಾಳೆ, ತಂದೆಯ ಹೆಸರು ಹೇಳಿದ್ದಾಳೆ, ಊರು ಮಹಾಗಾಂವ ಎಂದಿದ್ದಾಳೆ. ಗಂಡನ ಹೆಸರು ಕೇಳಲಾಗಿ ಹೇಳಲಿಲ್ಲ. ಸಖ್ತಿಯಿಂದ ಕೇಳಲಾಗಿ ಹೇಳಲಿಲ್ಲ. ‘ಸಖ್ತಿಯಿಂದ’ ಎಂದು ಗುಮಾಸ್ತ ಬರೆದರೆ ಅಲ್ಲಿ ಏನು ನಡೆಯಿತೆಂದು ನಮ್ಮ ಕಸುಬಿನವರಿಗೆ ತಿಳಿಯುತ್ತದೆ. ಅವ್ವ ಕಂಡ ಬೆನ್ನಿನ ಬರೆಗಳು ಆ ಒಂದು ಪದದಲ್ಲಿದ್ದವು. ಜಾತಿಯ ಜಾಗದಲ್ಲಿ ಬರೆದದ್ದನ್ನು ನಾನಿಲ್ಲಿ ಬರೆಯುವುದಿಲ್ಲ.

ಎರಡನೆಯದು ಪೊಲೀಸ್ ಪಟೇಲನ ಹೇಳಿಕೆ. ಹೊರೆ ಸಿಕ್ಕಿದ್ದು ಅವನ ತೋಟದ ಅಂಚಿನಲ್ಲಾದ್ದರಿಂದ ಇದು ಕಳವೋ ಬಂಡಾಯವೋ ಎಂದು ಅವನನ್ನು ಕೇಳಿದ್ದಾರೆ. ಕಳವು ಎಂದಿದ್ದರೆ ನಾಲ್ಕು ಏಟಿನಲ್ಲಿ ಮುಗಿಯುತ್ತಿತ್ತು. ಅವನು ಹೇಳಿದ್ದು: ನನ್ನ ತೋಟದಿಂದ ಏನೂ ಕಳುವಾಗಿಲ್ಲ, ಈಕೆ ಬಂಡುಕೋರರಿಗೆ ರೊಟ್ಟಿ ಒಯ್ಯುವವಳು, ಈಕೆಯ ಗಂಡ ಇಂಥವನು, ಮನೆ ಇಲ್ಲಿದೆ. ಕೆಳಗೆ ಸಹಿ.

ಅವಳು ಬೆನ್ನು ಕೊಟ್ಟು ಉಳಿಸಿದ ಹೆಸರನ್ನು ಇವನು ಪುಕ್ಕಟೆ ಕೊಟ್ಟಿದ್ದ. ಅವಳು ಬಾಯಿ ಬಿಡದಿದ್ದದ್ದು ರೂಢಿಗಾಗಿಯೋ ಗಂಡನನ್ನು ಉಳಿಸಲೋ, ನನಗೆ ಗೊತ್ತಿಲ್ಲ. ಅವಳಿಗೆ ಎರಡೂ ಒಂದೇ ಆಗಿದ್ದಿರಬಹುದು. ಸರ್ಕಾರ ಬದಲಾದ ಮೇಲೆ ರೊಟ್ಟಿಗೆ ಮರ್ಯಾದೆ ಬಂತು. ಆಗ ರೊಟ್ಟಿಯನ್ನು ಪಟೇಲನ ಮನೆ ಇಟ್ಟುಕೊಂಡು ಕಳವನ್ನು ನಮಗೆ ಕೊಟ್ಟಿತು.

ಕಚೇರಿ ದೃಢೀಕರಿಸಿದ ಖರೇ ನಕಲು ತೆಗೆಸಿ ತರ್ಜುಮೆಗೆ ಕುಳಿತೆ. ಇಲ್ಲೇ ನಾನು ಜಾರುವವಳಿದ್ದೆ. ‘ಗುರುತು ತಿಳಿಸಿ’ ಎಂಬಲ್ಲಿ ಮೊದಲ ಕರಡಿನಲ್ಲಿ ‘ಚಾಡಿ ಹೇಳಿ’ ಎಂದು ಬರೆದೆ. ಓದಿದರೆ ಹೊಟ್ಟೆಗೆ ತಂಪೆನಿಸಿತು. ‘ನಿಷ್ಠೆ’ ಇದ್ದಲ್ಲಿ ‘ಗುಲಾಮಗಿರಿ’ ಎಂದೆ. ಅದೂ ಚಂದ ಕಂಡಿತು. ಯಾರು ತಾಳೆ ನೋಡುತ್ತಾರೆ? ಆಗ ನನಗೆ ಉರ್ದು ಕಲಿಸಿದ ರೋಜಾ ಓಣಿಯ ಅಮ್ಮಾ ನೆನಪಾದರು. ಅವರು ದಾಖಲೆ ಓದಲು ಕೂರಿಸಿದ ಮೊದಲ ದಿನವೇ ಬೆರಳು ತೋರಿಸಿ, “ಜಿತ್ತಾ ಹೈ ಉತ್ತಾಚ್ ಲಿಖ್ನಾ ಬೇಟಾ,” ಎಂದಿದ್ದರು. ಇದ್ದಷ್ಟೇ ಬರಿ. ನಾನೊಂದು ಪದ ಕೂಡಿಸಿದರೆ ಧಣಿಗೆ ಹಿಡಿದುಕೊಳ್ಳಲು ಆ ಒಂದು ಪದ ಸಾಕು, ಇಡೀ ಕಾಗದವೇ ಸುಳ್ಳು ಎನ್ನುತ್ತಾರೆ. ಎರಡೂ ಪದ ಹೊಡೆದುಹಾಕಿ ಇದ್ದದ್ದನ್ನೇ ಬರೆದೆ. ಇದು ದೊಡ್ಡತನವಲ್ಲ, ಇದ್ದದ್ದೇ ಹೆಚ್ಚು ಕಡಿಯುತ್ತದೆ ಎಂದು ಅಷ್ಟೊತ್ತಿಗೆ ನನಗೆ ತಿಳಿದಿತ್ತು. ಪ್ರತಿ ಹಾಳೆಗೂ ಸಹಿ, ಪ್ರತಿ ಸಹಿಗೂ ಸಿಕ್ಕಾ.

ಸಭೆಯ ಹಿಂದಿನ ದಿನ ಧಣಿ ಫೋನ್ ಮಾಡಿದರು. “ಫೈಲ್ ಸಿಕ್ತಂತಲ್ಲ ಮೇಡಂ, ಭಾರಿ ಆಯ್ತು. ಛಲೋ ಬಂದದೇನ್ರಿ?”

“ಇದ್ದಿದ್ದೆಲ್ಲಾ ಬಂದದರೀ.”

“ನಾಳಿ ನಮ್ಮ ಮನ್ಯಾಗೇ ಮೀಟಿಂಗ್ ಅದ. ನೀವೇ ಬಂದು ಓದಿಬಿಡ್ರಿ.”

“ನನ್ನ ಕೆಲಸ ಬರಿಯೂದರೀ. ನಿಮ್ಮ ಮನಿತನದ ಕಾಗದ, ನೀವು ಓದಿದ್ರ ಅದಕ್ಕ ಶೋಭಾ.”

ಆ ಹೊತ್ತಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ಚೌಕಟ್ಟು ಗೋಡೆಯಿಂದ ಇಳಿಯುತ್ತಿತ್ತು, ಲಕೋಟೆ ಒಲೆಗೆ ಹೋಗುತ್ತಿತ್ತು, ಅವ್ವ ‘ಕಳ್ಳಿ ಮಗಳು’ ಆಗಿಯೇ ಉಳಿಯುತ್ತಿದ್ದಳು. ನಾನು ಹೇಳಲಿಲ್ಲ. ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಮರುದಿನ ಅವ್ವನನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದೆ. ಧಣಿಯ ಪಡಸಾಲೆಯಲ್ಲಿ ಸಮಿತಿಯ ಹನ್ನೆರಡು ಮಂದಿ ಕುರ್ಚಿಗಳ ಮೇಲಿದ್ದರು. ಚೌಕಟ್ಟು ಗೋಡೆಗೆ ಮರಳಿತ್ತು, ಹೊಸ ಹಾರ ಬಿದ್ದಿತ್ತು. ಅವ್ವನನ್ನು ಕಂಡು ಧಣಿಯ ಹುಬ್ಬು ಗಂಟಾದವು.

“ಈಕಿ ಯಾಕ ಬಂದಾಳ?”

“ನಮ್ಮವ್ವರೀ,” ಎಂದೆ. ಮಡಚಿ ಗೋಡೆಗೆ ಒರಗಿಸಿದ್ದ ಒಂದು ಕುರ್ಚಿ ಬಿಚ್ಚಿ ಅವಳನ್ನು ಕೂರಿಸಿದೆ. ನಮ್ಮ ಮನೆತನದವರು ಆ ಪಡಸಾಲೆಯಲ್ಲಿ ಕುಳಿತದ್ದು ಅದೇ ಮೊದಲು. ಧಣಿ ಅವಳ ಮುಖವನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿದರು. ಅಷ್ಟರಲ್ಲಿ ಮಂದಿ ಓದಿರಿ ಓದಿರಿ ಎನ್ನತೊಡಗಿದ್ದರು. ಲಕೋಟೆ ಕೊಟ್ಟೆ.

ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಭಾಷಣದ ದನಿಯಲ್ಲಿ ಶುರು ಮಾಡಿದರು. ‘ಬಂಡುಕೋರರಿಗೆ ಆಹಾರ ಒಯ್ಯುತ್ತಿದ್ದ’ ಎಂಬಲ್ಲಿಗೆ ದನಿ ಇನ್ನೂ ಎತ್ತರವಿತ್ತು. ‘ಹೆಂಗಸನ್ನು ಹಿಡಿಸಿಕೊಟ್ಟು’ ಎಂಬಲ್ಲಿ ನಿಂತಿತು. ಹಾಳೆ ತಿರುಗಿಸಿ ನೋಡಿದರು. ಸಿಕ್ಕಾ ನೋಡಿದರು.

“ಇದರಾಗ ಏನೋ ಹೆಚ್ಚುಕಮ್ಮಿ ಆಗ್ಯಾದ,” ಎಂದರು.

“ಅರ್ಜಿ ಮ್ಯಾಲ ನಿಮ್ಮದೇ ಸಹಿ ಅದರೀ. ಯಾರ ಕಡಿಂದ ಬೇಕಾದ್ರೂ ತಾಳಿ ನೋಡಿಸ್ರಿ. ಒಂದು ಅಕ್ಷರ ನಾ ಕೂಡಿಸಿಲ್ಲ.”

ಅವ್ವ ಕುರ್ಚಿಯ ಅಂಚಿಗೆ ಸರಿದು ಕುಳಿತಳು.

“ಮುಂದ ಓದ್ರಿ ಧಣ್ಯಾರ. ನಮ್ಮವ್ವನ ಹೆಸರ ಬರ್ತದ.”

ಸಮಿತಿಯ ಕಾರ್ಯದರ್ಶಿ, ನಿವೃತ್ತ ಮಾಸ್ತರು, ಮೆಲ್ಲಗೆ, “ಓದ್ರಿ. ಕಮಿಟಿ ಮುಂದ ಬಂದ ಕಾಗದ ಪೂರ್ತಿ ಓದಬೇಕಾಗ್ತದ,” ಎಂದರು.

ಓದಿದರು. ನಲವತ್ತು ರೊಟ್ಟಿ ಓದಿದರು. ಸಖ್ತಿಯಿಂದ ಕೇಳಲಾಗಿ ಹೇಳಲಿಲ್ಲ ಎಂಬುದನ್ನು ಓದಿದರು. ಕೊನೆಗೆ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ, “ನನ್ನ ತೋಟದಿಂದ ಏನೂ ಕಳುವಾಗಿಲ್ಲ,” ಎಂದು ಓದಿದರು.

“ಕೇಳಲಿಲ್ಲರೀ, ಕಿವಿ ಮಂದ ಅದಾವ,” ಎಂದಳು ಅವ್ವ. ಅವಳ ಕಿವಿ ನನ್ನ ಕಿವಿಗಿಂತ ಚುರುಕು.

ಧಣಿ ಇನ್ನೊಮ್ಮೆ ಓದಿದರು, ಪಡಸಾಲೆಗೆಲ್ಲ ಕೇಳುವಂತೆ. ಹಿಂದಿನ ಸಭೆಯಲ್ಲಿ ನಕ್ಕಿದ್ದ ಅದೇ ಮಂದಿ ನೆಲ ನೋಡುತ್ತಿದ್ದರು. ಸೇಡಿನಿಂದ ಸುಖವಿಲ್ಲ ಎನ್ನುವವರು ತೀರಿಸಿಕೊಂಡು ನೋಡಿಲ್ಲ.

ಮಾಸ್ತರು ಹೆಸರುಗಳ ಪಟ್ಟಿಯನ್ನು ಅಧ್ಯಕ್ಷರ ಮುಂದೆ ಸರಿಸಿದರು. ಧಣಿ ಅದನ್ನು ಮಾಸ್ತರ ಕಡೆಗೇ ತಳ್ಳಿ, ನೀವೇ ಬರಕೊಳ್ಳಿ ಎಂದರು.

“ಇಲ್ಲರೀ, ನಿಮ್ಮ ಕೈಲೇ ಬರೀರಿ,” ಎಂದಳು ಅವ್ವ.

ಧಣಿ ಪೆನ್ನು ತೆಗೆದುಕೊಂಡರು. ಪಟ್ಟಿಯಲ್ಲಿ ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರಿಗೆ ಜಾಗ ಬಿಟ್ಟಿತ್ತು. ಹೆಸರು ಬರೆದು, ತಲೆ ಎತ್ತದೆ ಕೇಳಿದರು.

“ಗಂಡನ ಹೆಸರು?”

“ಅದನ್ನ ನಿಮ್ಮ ಮುತ್ತ್ಯಾ ಅವತ್ತೇ ಹೇಳ್ಯಾನ,” ಎಂದಳು ಅವ್ವ. “ಇವತ್ತ ನೀವು ನಮ್ಮವ್ವ ಹೇಳಿದ್ದಷ್ಟೇ ಬರಕೊಳ್ರಿ.”

ಈಗ ಆ ಕಲ್ಲು ಕಮಲಾಪುರದಲ್ಲಿ ನಿಂತಿದೆ. ಉಳಿದ ಹೆಂಗಸರೆಲ್ಲರ ಹೆಸರಿನ ಜೊತೆ ಗಂಡನ ಹೆಸರಿದೆ. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಮಾತ್ರ, ಅವಳು ಪೊಲೀಸರಿಗೆ ಹೇಳಿದ್ದಂತೆಯೇ, ಹೀಗಿದೆ: ಭೀಮವ್ವ, ಮಲ್ಲಪ್ಪನ ಮಗಳು, ಮಹಾಗಾಂವ.